ಕಾಡುಕೋಳಿಯ ಗರಿ

ಬಂಗಾರಪೇಟೆ
16 ನವೆಂಬರ್ 2025, ಭಾನುವಾರ

ಪ್ರೀತಿಯ ಸುಮಿತಾ,

ನನ್ನ ಕೈಬರಹ ನೋಡಿದ ತಕ್ಷಣ ನಿನಗೆ ಆಶ್ಚರ್ಯವಾಗಿರಬಹುದು. ನೀವು ಜೋಲಾರಪೇಟೆಗೆ ಹೋದ ಈ ಒಂದು ವರ್ಷ ಹತ್ತು ತಿಂಗಳಲ್ಲಿ ನಾನು ನಿನಗೆ ಫೋನ್ ಮಾಡಿದ್ದು ಎರಡೇ ಸಲ, ಎರಡು ಸಲವೂ ಹಬ್ಬಕ್ಕೆ. ಇದನ್ನು ಫೋನಿನಲ್ಲಿ ಹೇಳಲು ಮೂರು ದಿನ ಪ್ರಯತ್ನಪಟ್ಟೆ. ನಿನ್ನ ದನಿ ಕೇಳಿದರೆ ಬೇರೆ ಏನೋ ಮಾತಾಡಿ ಇಟ್ಟುಬಿಡುತ್ತೇನೆ ಎಂದು ಗೊತ್ತಾಗಿ ಕಾಗದ ಹಿಡಿದಿದ್ದೇನೆ.

ಕಳೆದ ಸೋಮವಾರ ನಿನ್ನ ಸೋದರತ್ತೆ ಮಾರಿಯಮ್ಮ ನಮ್ಮ ಗಾಳದ ಅಂಗಡಿಗೆ ಬಂದಿದ್ದರು. ನಿಮ್ಮಪ್ಪನ ಆಸ್ಪತ್ರೆ ಕಾಗದಗಳಿಗಾಗಿ ನಿಮ್ಮ ಹಳೆಯ ಗಣಿಯೂರು ಚಾಂಪಿಯನ್ ರೀಫ್ಸ್‌ಗೆ ಹೋಗಿ, ಜೋಲಾರಪೇಟೆ ರೈಲಿಗೆ ಇನ್ನೂ ಹೊತ್ತಿದೆ ಎಂದು ಕೂತರು. ನೀನು ಶೂ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದೀಯ ಎಂದರು. ಗಾಳದ ಮುಳ್ಳಿಗೆ ನೂಲಿಗಿಂತ ಸಣ್ಣ ಗರಿ ಸುತ್ತುತ್ತಿದ್ದ ನಿನ್ನ ಬೆರಳು ನೆನಪಾಯಿತು. ನಿಮ್ಮಪ್ಪ ಹೇಗಿದ್ದಾರೆ ಎಂದೆ.

"ಇರ್ತಾರೆ. ಒಂದೇ ಮನೇಲಿ ಇದ್ರೂ ಅಪ್ಪ ಮಗಳಿಗೆ ಮಾತಿಲ್ಲ ಕಲ್ಪನಾ. ಇವ್ಳು ತಟ್ಟೆ ಇಟ್ಬಿಟ್ಟು ಆಚೆ ಓಗ್ತಾಳೆ. ಇವ್ಳು ಆಚೆ ಇದ್ರೇನೇ ಅವ್ರು ಉಣ್ಣೋದು. ಆ ಕೋಳಿ ಗರಿ ವಿಷ್ಯಕ್ಕೆ ಇಷ್ಟು ದಿನ ಯಾರಾದ್ರೂ ಕೋಪ ಮಾಡ್ತಾರಾ?"

ಸುಮಿ, ಆ ಗರಿ ತಂದಿದ್ದು ನಿಮ್ಮಪ್ಪ ಅಲ್ಲ. ನಾನು.

ಬರೆದುಬಿಟ್ಟೆ. ಇನ್ನು ನಡೆದದ್ದನ್ನು ಹೇಳುತ್ತೇನೆ.

ಅಂಗಡಿ ಶುರುಮಾಡಿದಾಗ ನಿಮ್ಮಪ್ಪ ನಮ್ಮಿಬ್ಬರಿಗೂ ಒಂದೇ ಮಾತು ಕಲಿಸಿದ್ದರು. ಗಣಿಯ ಹಳೆಯ ಎಂಜಿನಿಯರೊಬ್ಬರಿಂದ ಫ್ಲೈ, ಅಂದರೆ ಮೀನಿಗೆ ಹುಳುವಿನಂತೆ ಕಾಣುವ ಗರಿಯ ಗಾಳ, ಕಟ್ಟುವುದನ್ನು ಕಲಿತವರು ಅವರು. ಗಿರಾಕಿ ಬಂದು ಗರಿ ಕೇಳಿದರೆ ತಕ್ಷಣ ಡಬ್ಬಿ ತೆಗೆಯಬೇಡಿ ಎನ್ನುತ್ತಿದ್ದರು. "ಯಾವ ನೀರು, ಅಲ್ಲಿ ಮೀನು ಏನು ತಿನ್ತಿದೆ, ಅದು ಮೊದ್ಲು ಕೇಳಮ್ಮ. ಗರಿ ಆಮೇಲೆ." ಅದಕ್ಕಾಗಿಯೇ ಅವರು ಬೇತಮಂಗಲದ ಕೆರೆಯ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೀರಿನ ಮೇಲೆ ಯಾವ ಹುಳು ಕೂರುತ್ತದೆ ಎಂದು ನೋಡಿ ಬರುತ್ತಿದ್ದದ್ದು. ಬೆಂಗಳೂರಿನಿಂದ ರೈಲು ಹತ್ತಿ ಬರುತ್ತಿದ್ದವರಿಗೆ ಬೇಕಾಗಿದ್ದೂ ಅದೇ. ಹೊಳೆಯುವ ಸಾಮಾನು ಅವರಿಗೆ ಎಲ್ಲಿ ಬೇಕಾದರೂ ಸಿಗುತ್ತಿತ್ತು. ನಮ್ಮ ಕ್ಯಾಸಂಬಳ್ಳಿಯ ನಾಟಿ ಹುಂಜದ ಕತ್ತಿನ ಬಿರುಸಾದ ಗರಿ, ಮೇಕೆ ಬಾಲದ ಕೂದಲು, ಮೇಣ ಹಚ್ಚಿದ ಸಣ್ಣ ದಾರ, ಮತ್ತೆ ಈ ವಾರ ಯಾವ ಬಣ್ಣ ಕಟ್ಟಿದರೆ ಮೀನು ಕಚ್ಚುತ್ತದೆ ಎಂದು ಹೇಳುವ ಒಬ್ಬ ಮನುಷ್ಯ, ಇಷ್ಟಕ್ಕೇ ಅವರು ಬರುತ್ತಿದ್ದರು. ನೀನು ಕಟ್ಟುವುದನ್ನು ನೋಡುತ್ತಾ ಕಾಫಿ ಆರಿಸಿಕೊಂಡು ನಿಂತಿರುತ್ತಿದ್ದರು.

ಅಂಬರೀಶ್ ನೆನಪಿದ್ದಾನಲ್ಲ, ಸದಾ ಹಸಿರು ಟೋಪಿ ಹಾಕಿಕೊಂಡು ಬರುತ್ತಿದ್ದವನು. ಅವನಿಗೆ ಕಾಡುಕೋಳಿಯ ಕತ್ತಿನ ಗರಿ ಬೇಕಿತ್ತು. ತುದಿಯಲ್ಲಿ ಹಳದಿ ಅರಗಿನ ಹನಿ ಇಟ್ಟಂತಿರುತ್ತದಲ್ಲ, ಅದು. ಹಳೇ ಕಾಲದ ಫ್ಲೈ ಅದಿಲ್ಲದೆ ಆಗುವುದೇ ಇಲ್ಲ ಎಂದ. ನೀನು ತಲೆ ಎತ್ತದೆ ಹೇಳಿದ್ದೆ: "ಅದು ಕಾಡಿನ ಹಕ್ಕಿ ಸಾರ್. ಹಿಡಿಯೋದೂ ತಪ್ಪು, ಗರಿ ಇಟ್ಕೊಳೋದೂ ತಪ್ಪು. ನಾಟಿ ಕೋಳಿ ಗರಿಗೆ ಬಣ್ಣ ಹಾಕಿ ಕಟ್ಕೊಡ್ತೀನಿ." ಅವನು ನಕ್ಕು ಹೊರಟ. ನಾನು ಅವನ ಹಿಂದೆ ಮೆಟ್ಟಿಲವರೆಗೆ ಹೋದೆ. ಅದು ನಿನಗೆ ಗೊತ್ತಿಲ್ಲ.

ಅವನು ಮೆಟ್ಟಿಲ ಮೇಲೆ ಹೇಳಿದ್ದು ಇಷ್ಟೇ: ಅದೊಂದು ಸಿಕ್ಕಿದರೆ ನಮ್ಮ ಕ್ಲಬ್ಬಿನವರೆಲ್ಲ ನಿಮ್ಮ ಅಂಗಡಿ ಬಿಟ್ಟು ಬೇರೆ ಕಡೆ ಹೋಗುವುದಿಲ್ಲ ಅಕ್ಕಾ. ನನಗೆ ಆಸೆ ಹುಟ್ಟಿತು. ಇನ್ನೊಂದು ಮಾತೂ ಇದೆ. ಬರುವವರೆಲ್ಲ ನಿನ್ನನ್ನು, ನಿಮ್ಮಪ್ಪನನ್ನು ಕೇಳಿಕೊಂಡು ಬರುತ್ತಿದ್ದರು. ನಾನು ಡಬ್ಬಿ ತೆಗೆದುಕೊಡುವವಳು. ನಾನೇ ತರಿಸಿದ್ದು ಎಂದು ಹೇಳಿಕೊಳ್ಳುವಂಥ ಒಂದು ವಸ್ತು ನನಗೂ ಬೇಕಿತ್ತು. ಹೊಟ್ಟೆಕಿಚ್ಚು ಅಂದರೂ ಸರಿ.

ಕಾಮಸಮುದ್ರದ ಕಡೆಯವನೊಬ್ಬ ತಂದುಕೊಟ್ಟ. ಹಳೇ ಪೇಪರಿನಲ್ಲಿ ಸುತ್ತಿದ ಒಣಗಿದ ಕತ್ತಿನ ಚರ್ಮ. ಅಂಗಡಿಯಲ್ಲಿಡಲು ಭಯ, ಮನೆಯಲ್ಲಿ ಗಂಡ ಗೋಪಿ ನೋಡಿದರೆ ಕೂಗಾಡುತ್ತಾರೆ ಎಂಬ ಭಯ. ಆ ಸಂಜೆ ಹೊಸ ಗಾಳಗಳನ್ನು ಕೊಡುವ ನೆಪದಲ್ಲಿ ಮಾರಿಕುಪ್ಪಂ ರೈಲು ಹತ್ತಿ ನಿಮ್ಮ ಮನೆಗೆ ಬಂದೆನಲ್ಲ, ನೀನು ಟೀಗೆ ಹಾಲು ತರಲು ಹೋದಾಗ ಗರಿಯ ಟ್ರಂಕಿನ ತಳದಲ್ಲಿ ಇಟ್ಟೆ. ನಾಳೆ ನಿನ್ನನ್ನು ಹೇಗಾದರೂ ಒಪ್ಪಿಸುತ್ತೇನೆ ಎಂದುಕೊಂಡಿದ್ದೆ. ನಿಮ್ಮಪ್ಪ ಹೊರಗೆ ಮಂಚದ ಮೇಲೆ ಕೆಮ್ಮುತ್ತಾ ಕೂತಿದ್ದರು. ಹೊರಡುವಾಗ ನನ್ನ ಕೈಗೆ ಒಂದು ಹಿಡಿ ನುಗ್ಗೇಸೊಪ್ಪು ಕಿತ್ತುಕೊಟ್ಟರು.

ಗರಿ ಬಂದಿದೆ ಎಂದು ಆ ರಾತ್ರಿಯೇ ಅಂಬರೀಶ್‌ಗೆ ಫೋನ್ ಮಾಡಿದೆ. ಅವನಿಗೆ ಬಾಯಿ ನಿಲ್ಲಲಿಲ್ಲ. ಗರಿ ಸಿಕ್ಕಿತು, ಕೋಲಾರದ ಕಡೆಯ ಅಂಗಡಿ ಎಂದು ಗಾಳದವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಅಲ್ಲೇ ಯಾರೋ ದೂರು ಕೊಟ್ಟರು. ಮರುದಿನ ಅರಣ್ಯ ಇಲಾಖೆಯ ಜೀಪು ನಿಮ್ಮ ಮನೆ ಮುಂದೆ ನಿಂತಿತು. ಆಮೇಲಿನದು ನಿನಗೇ ಗೊತ್ತು. ಟ್ರಂಕು ತೆರೆದರು, ನಿನ್ನ ಕಡೆ ನೋಡಿದರು, ನಿಮ್ಮಪ್ಪ ಎದ್ದು ಬಂದು "ನಂದು ಸಾರ್, ನಾನೇ ತಂದಿದ್ದು" ಎಂದರು.

ಹದಿನೇಳು ದಿನ ಅವರು ಒಳಗಿದ್ದರು. ಆ ದಿನಗಳಲ್ಲಿ ನೀನು ನನ್ನ ಮುಂದೆ ಅಳುತ್ತಾ, "ಅಪ್ಪ ಇಂಗ್ ಮಾಡ್ತಾರೆ ಅಂದ್ಕೊಂಡಿರ್ಲಿಲ್ಲ ಕಣೇ. ನಂಗೆ ನ್ಯಾಯ ಏಳ್ಕೊಟ್ಟು ತಾನೇ ಕದ್ದು ತಂದವ್ರೆ" ಎಂದೆ. ನಾನು ನಿನ್ನ ಬೆನ್ನು ಸವರಿದೆ.

ಜಾಮೀನಿನ ಮೇಲೆ ಬಂದ ಮೇಲೆ ನಿಮ್ಮಪ್ಪ ಒಬ್ಬರೇ ಅಂಗಡಿಗೆ ಬಂದಿದ್ದರು. ಬಾಗಿಲ ಹತ್ತಿರ ನಿಂತು ಉಸಿರೆಳೆದುಕೊಂಡು ಹೇಳಿದರು: "ಕೊಳಂದೆ, ನಮ್ ಮಗು, ಗೊತ್ತಿಲ್ದೆ ಮಾಡ್ಬಿಟ್ಟಿದೆಮ್ಮ. ನಾನು ವಯಸ್ಸಾದವ್ನು, ನಂಗೇನಾಗ್ಬೇಕು? ನೀನು ಅವ್ಳನ್ನ ಏನೂ ಕೇಳ್ಬೇಡ."

ಅರ್ಥವಾಯಿತಾ ಸುಮಿ? ನೀನು ಮಾಡಿದ್ದು ಎಂದು ನಂಬಿ ಅವರು ತಪ್ಪು ಹೊತ್ತರು. ಅವರು ಮಾಡಿದ್ದು ಎಂದು ನಂಬಿ ನೀನು ಮಾತು ಬಿಟ್ಟೆ. ಇಬ್ಬರ ಮಾತನ್ನೂ ಕೇಳಿಸಿಕೊಂಡವಳು ನಾನೊಬ್ಬಳೇ. ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಅವರಿಗೆ ನೀರು ಕೊಟ್ಟು, "ಆಗ್ಲಿ ಅಪ್ಪಾ" ಎಂದೆ. ನೀವು ಮನೆಗೆ ಬೀಗ ಹಾಕಿ ಜೋಲಾರಪೇಟೆಗೆ ಹೊರಟ ದಿನ ಸ್ಟೇಷನ್ನಿಗೆ ಬಂದು ಚೀಲ ಹತ್ತಿಸಿದವಳೂ ನಾನೇ. ರೈಲು ಹೊರಟಾಗ ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಗಾಗಿ ನನಗೆ ಇವತ್ತಿಗೂ ನಾಚಿಕೆ.

ಮೊನ್ನೆ ಶುಕ್ರವಾರ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಎಲ್ಲವನ್ನೂ ಬರೆದು ಸಹಿ ಮಾಡಿಕೊಟ್ಟೆ. ಅಲ್ಲಿನ ಸಾಹೇಬರು ಹೊಸಬರು. ಎರಡು ಸಲ ಓದಿ, "ಇಷ್ಟು ದಿನ ಏನ್ ಮಾಡ್ತಿದ್ರಮ್ಮ?" ಎಂದರು. ನನ್ನ ಮೇಲೆ ಕೇಸು ಬರುತ್ತದೆ, ನಿಮ್ಮಪ್ಪನ ಹೆಸರು ಬಿಡಿಸಲು ಸ್ವಲ್ಪ ಕಾಲ ಹಿಡಿಯುತ್ತದೆ ಎಂದು ವಕೀಲರು ಹೇಳಿದ್ದಾರೆ. ಗೋಪಿ, "ಸುಮ್ನೆ ಇದ್ದಿದ್ರೆ ಏನಾಗ್ತಿತ್ತು ನಿಂಗೆ?" ಎಂದು ಕೇಳಿ ಎದ್ದು ಹೋದರು. ಎರಡು ದಿನದಿಂದ ನಮ್ಮ ಮನೆಯಲ್ಲೂ ತಟ್ಟೆ ಇಡುವ ಸದ್ದು ಬಿಟ್ಟರೆ ಬೇರೆ ಮಾತಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳಲು ಈ ಪತ್ರವಲ್ಲ. ಇದನ್ನು ಓದಿ ಮುಗಿಸಿದ ಮೇಲೆ ನೇರವಾಗಿ ಅವರ ಹತ್ತಿರ ಹೋಗು. ಅವರ ಎದೆಯ ಸ್ಥಿತಿ ಚೆನ್ನಾಗಿಲ್ಲ ಎಂದು ಮಾರಿಯಮ್ಮ ಹೇಳಿದರು. ತಟ್ಟೆ ಇಟ್ಟು ಅಲ್ಲೇ ಕೂತುಕೋ. ನೀನು ತಂದದ್ದಲ್ಲ ಎಂದು ಅವರಿಗೂ ಗೊತ್ತಾಗಲಿ. ಬೇಕಿದ್ದರೆ ಈ ಪತ್ರವನ್ನೇ ಓದಿ ಹೇಳು. ಅವರಿಗೆ ಕನ್ನಡ ಓದಲು ಬಾರದು, ಕೇಳಿದರೆ ಎಲ್ಲ ತಿಳಿಯುತ್ತದೆ.

ಗೆಳತಿ ಎಂದು ಬರೆಯುವ ಹಕ್ಕು ಉಳಿದಿಲ್ಲದ,
ಕಲ್ಪನಾ

ತಾ.ಕ.: ಮೇಲೆ ಒಂದನ್ನು ಬಿಟ್ಟಿದ್ದೇನೆ. ಮರೆತು ಬಿಟ್ಟದ್ದಲ್ಲ. ಜೀಪು ಆ ದಿನ ಮೊದಲು ಬಂದದ್ದು ಅಂಗಡಿಗೆ. ಗರಿಗಳನ್ನೆಲ್ಲ ಎಲ್ಲಿಡುತ್ತೀರಿ ಎಂದು ಕೇಳಿದರು. ಇಲ್ಲಿ ಏನೂ ಇಲ್ಲ ಸಾರ್, ಕಟ್ಟುವವರ ಮನೆಯಲ್ಲಿರುತ್ತದೆ ಎಂದು ನಿಮ್ಮ ಮನೆಯ ದಾರಿ ಹೇಳಿದವಳು ನಾನು. ಬಂಗಾರಪೇಟೆಯಿಂದ ನಿಮ್ಮ ಮನೆ ತಲುಪಲು ಅವರಿಗೆ ಅರ್ಧ ಗಂಟೆಯಾದರೂ ಹಿಡಿದಿರುತ್ತದೆ. ಫೋನು ನನ್ನ ಕೈಯಲ್ಲೇ ಇತ್ತು. ನಾನು ಪೊರಕೆ ತೆಗೆದುಕೊಂಡು ಅಂಗಡಿ ಗುಡಿಸಿದೆ.