ದವಡೆ ಸಡಿಲಾದ ಮೇಲೆ

ಮಾರ್ಚ್ 4, ಮಂಗಳವಾರ

ಇವತ್ತೂ ಮೆತ್ತನ್ನ ಉಪ್ಪಿಟ್ಟೇ. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಗಾರ್ಡ್ ಮತ್ತೆ ತೂತು... ನಿದ್ದೆಯಲ್ಲಿ ಕಡಿದೂ ಕಡಿದೂ. ಹಿಂಜವಾಡಿಯ ಆಫೀಸಿಗೆ ಹೋಗುವ ಕ್ಯಾಬ್‌ನಲ್ಲಿ ದಾರಿಯುದ್ದಕ್ಕೂ ಕಿವಿಯ ಪಕ್ಕ ಕುಟ್ಟಿದ ಹಾಗೆ ನೋವು. ಮೀಟಿಂಗ್‌ನಲ್ಲಿ ತುಟಿ ಬಿಚ್ಚಲಿಲ್ಲ. ನಾನು ಒಪ್ಪಿದೆನೆಂದು ಮ್ಯಾನೇಜರ್‌ಗೆ ಖುಷಿ.

ಪಕ್ಕದ ಸೀಟಿನ ಇಂಪನಾ ಕೇಳಿದಳು, "ಡೆಂಟಿಸ್ಟ್ ಏನಂದ್ರು?" ದವಡೆಯ ಸ್ನಾಯುವಿಗೆ ಬೊಟಾಕ್ಸ್ ಇಂಜೆಕ್ಷನ್ ಹಾಕಿಸಬೇಕಂತೆ ಅಂದೆ. "ಬೊಟಾಕ್ಸಾ! ಹೀರೋಯಿನ್ ಆಗ್ಬಿಡ್ತೀಯ ಬಿಡು." ಮೂವತ್ತೊಂಬತ್ತಕ್ಕೆ ಇನ್ನೇನು ಹೀರೋಯಿನ್. ಚಪಾತಿ ಅಗಿಯಲು ಬಂದರೆ ಸಾಕು.

ಮಾರ್ಚ್ 8, ಶನಿವಾರ

ಶಿವಾಜಿನಗರದ ಕ್ಲಿನಿಕ್. ಡಾ. ಪ್ರಾಚಿ. ಚಿಕ್ಕ ವಯಸ್ಸು, ಬೆಚ್ಚನೆಯ ಕೈ. ಕೆನ್ನೆಯ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ ಅಂದಳು. ಕಚ್ಚಿದೆ. "ಬಾಪ್ ರೇ!" ಅಂದಳು. ಸ್ನಾಯು ಕಲ್ಲಾಗಿದೆಯಂತೆ. ಎರಡೂ ಕಡೆ ಸೂಜಿ ಹಾಕಿದರೆ ಒಂದೆರಡು ವಾರದಲ್ಲಿ ಸಡಿಲ, ಮೂರು-ನಾಲ್ಕು ತಿಂಗಳು ಆರಾಮ. ಇವತ್ತೇ ಹಾಕಿಬಿಡೋಣ ಅನ್ನುವ ಹೊತ್ತಿಗೆ ಮರಾಠಿಯಲ್ಲಿ ಕೇಳಿದಳು, "ಪ್ರೆಗ್ನೆಂಟ್ ನಾಹೀ ನಾ? ಪ್ಲ್ಯಾನಿಂಗ್?"

ಏಪ್ರಿಲ್‌ನಲ್ಲಿ ಐವಿಎಫ್, ಮೂರನೇ ಸಲ. ನಮ್ಮ ಎರಡು ಭ್ರೂಣಗಳು ಇನ್ನೊಂದು ಆಸ್ಪತ್ರೆಯ ಫ್ರೀಜರ್‌ನಲ್ಲಿವೆ. ಹೇಳಿದೆ. ಹಾಗಾದರೆ ಈಗ ಬೇಡ, ಇದನ್ನು ಹಾಕಿಸಿಕೊಂಡರೆ ಅದನ್ನು ಕೆಲವು ತಿಂಗಳು ಮುಂದೂಡಬೇಕು ಅಂದಳು. ಮನೆಯಲ್ಲಿ ಕೇಳಿ ಬರುತ್ತೇನೆಂದು ಎದ್ದೆ.

ರಿಕ್ಷಾದಲ್ಲಿ ಹೊಳೆಯಿತು. ಬೇಜಾರಾಗಿದ್ದು ಇಂಜೆಕ್ಷನ್ ತಪ್ಪಿತಲ್ಲ ಅಂತ. ಏಪ್ರಿಲ್ ತಪ್ಪೀತು ಅಂತ ಅಲ್ಲ... ನನಗೆ ಬೇಡ. ಇನ್ನೊಂದು ಸಲ ಆ ಮಾತ್ರೆ, ಆ ಕಾಯುವುದು, ಆಮೇಲೆ ನಿಲ್ಲಲಿಲ್ಲ ಅನ್ನುವ ಆ ಫೋನು — ಬೇಡ. ಬರೆದೇ ಬಿಟ್ಟೆ.

ಮಾರ್ಚ್ 9

ಋಷಿಗೆ ಹೇಳಲಿಲ್ಲ. ಬೆಳಿಗ್ಗೆ ಎದ್ದು ನನಗೋಸ್ಕರ ಬಾಳೆಹಣ್ಣು ಹಿಸುಕಿ ಕೊಟ್ಟ. ಇಂಥ ಗಂಡನ ಜೊತೆ ಜಗಳವಾಡುವುದಾದರೂ ಹೇಗೆ. ನಾಳೆ ಹೇಳಬೇಕು.

ಮಾರ್ಚ್ 17, ಸೋಮವಾರ

ಹೇಳಿಲ್ಲ. ರಜೆ ಹಾಕಿದೆ. ನೋವು ಕಣ್ಣಿನವರೆಗೆ ಏರಿದೆ.

ಅತ್ತೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಧಾರವಾಡ ಬಿಟ್ಟು ನಮ್ಮ ಜೊತೆ ಇರಲು ಬಂದು ಐದಾರು ವರ್ಷವಾಯಿತು, ಇವರಿಗೆ ಇನ್ನೂ ಈ ಊರಿನ ಉಪ್ಪು ಸೇರುವುದಿಲ್ಲ. ಅದನ್ನೂ ಬೈದುಕೊಂಡೇ ಕೊಟ್ಟರು. "ಆ ಇಂಜೆಕ್ಷನ್ ತಗೊಂಡು ಬಿಡಬಾರದೇನವಾ?"

"ತಗೊಂಡ್ರ ಏಪ್ರಿಲ್‌ದು ಆಗೂದಿಲ್ರಿ ಅತ್ತಿ."

ಕೈ ನಿಂತಿತು. "ಹಂಗಾದ್ರ ತಡಕೋ ನೀಲೂ. ಇದೊಂದು ಸರ್ತೆ. ಆಮ್ಯಾಲೆ ನಾ ಕೇಳೂದಿಲ್ಲ."

ಮತ್ತೆ ಶಾಖ. ಮೈಯೆಲ್ಲ ಉರಿದುಹೋಯಿತು ಸಿಟ್ಟಿಗೆ. ಶಾಖ ಮಾತ್ರ ಹಿತವಾಗಿತ್ತು, ಸಾಕು ಅನ್ನಲಿಲ್ಲ.

ಮಾರ್ಚ್ 19, ಬುಧವಾರ

ಆಫೀಸಿನಿಂದ ಕರೆದುಕೊಂಡು ಬರಲು ಋಷಿ ಬಂದಿದ್ದ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಡಾಕ್ಟರ್ ಅಂದದ್ದು ಹೇಳಿದೆ. ಅಷ್ಟೇ ಹೇಳಿದೆ.

"ಅದಕ್ಕ್ಯಾಕ ಇಷ್ಟು ದಿನಾ ಒದ್ದಾಡಿದಿ? ಜುಲೈಕ್ಕ ಇಟ್ಕೊಂಡ್ರಾತು. ಮೊದಲ ನಿನ್ನ ನೋವು ಹೋಗಲಿ."

ಮುಂದಿನ ಸಿಗ್ನಲ್ ಬರುವಷ್ಟರಲ್ಲಿ ಜುಲೈನ ವಾರವನ್ನೂ ಆರಿಸಿಬಿಟ್ಟ. ನಾನು ಹೂಂ ಅಂದೆ. ಹೂಂ ಅನ್ನಲು ಬಾಯಿ ತೆರೆಯಬೇಕಾಗಿಲ್ಲ.

ಮಾರ್ಚ್ 22, ಶನಿವಾರ, ಸಂಜೆ

ಆಯಿತು.

ಋಷಿಯೂ ಬಂದಿದ್ದ. ಡಾ. ಪ್ರಾಚಿ ಕೆನ್ನೆಯ ಮೇಲೆ ಚುಕ್ಕೆ ಗುರುತು ಹಾಕುತ್ತ ಮತ್ತೆ ಅದೇ ಪ್ಲ್ಯಾನಿಂಗ್ ಪ್ರಶ್ನೆ ಕೇಳಿದಳು. ಈಗ ಇಲ್ಲ ಅಂತ ಋಷಿಯೇ ಉತ್ತರ ಕೊಟ್ಟ, "ಆತಾ ನಾಹೀ. ಜುಲೈ."

"ಜುಲೈಲಾ ಪಣ ನಾಹೀ," ಅಂದೆ ನಾನು. "ಕಧೀಚ್ ನಾಹೀ."

ಜುಲೈಗೂ ಇಲ್ಲ. ಯಾವತ್ತೂ ಇಲ್ಲ. ಮನೆಯಲ್ಲಿ ಕನ್ನಡದಲ್ಲಿ ಎಷ್ಟು ದಿನ ಒದ್ದಾಡಿದರೂ ಹೊರಡದ ಮಾತು. ಹೊರಗಿನವಳ ಮುಂದೆ ಮರಾಠಿಯಲ್ಲಿ, ತರಕಾರಿ ಮಾರ್ಕೆಟ್‌ನಲ್ಲಿ ಮೆಂತ್ಯ ಬೇಡ ಅಂದಷ್ಟು ಸಲೀಸಾಗಿ ಬಂದುಬಿಟ್ಟಿತು.

ಹೊರಗೆ ಕೂತು ಮಾತಾಡಿ ಬರುತ್ತೀರಾ ಅಂದಳು ಡಾಕ್ಟರ್. ಹಾಕಿ ಅಂದೆ. ಸೂಜಿ ಅಷ್ಟೇನೂ ನೋಯಲಿಲ್ಲ. ಋಷಿ ನನ್ನ ಬ್ಯಾಗ್ ಹಿಡಿದುಕೊಂಡು ಗೋಡೆ ನೋಡುತ್ತಿದ್ದ.

ನಾಲ್ಕು ಗಂಟೆ ಹೊತ್ತು ಮಲಗಬೇಡಿ ಅಂದಿದ್ದಾಳೆ. ಮನೆಗೆ ಹೋಗುವ ಧೈರ್ಯ ಹೇಗೂ ಇಬ್ಬರಿಗೂ ಇರಲಿಲ್ಲ. ಒಂದು ಹೋಟೆಲ್‌ಗೆ ಹೋಗಿ ಚಹಾ ಹೇಳಿದೆವು.

"ಯಾವಾಗಿಂದ?" ಅಂದ.

"ಎರಡನೇದು ನಿಲ್ಲಲಿಲ್ಲಲಾ, ಅವಾಗಿಂದ."

"ಒಂದು ವರ್ಷಾತು ನೀಲೂ. ನನಗ್ಯಾಕ ಹೇಳಲಿಲ್ಲ?"

"ನೀ ಭಾಳ ಆಶಾ ಇಟ್ಟಿದ್ದಿ. ನಿನ್ನ ಮಾರಿ ನೋಡಿ ಹೇಳ್ಲಿಕ್ಕೆ ಬರಲಿಲ್ಲ."

ಅವನ ಚಹಾ ಆರಿ ಕೆನೆ ಕಟ್ಟಿತು. ಆಮೇಲೆ ಬಿಲ್ ಕೊಟ್ಟು ಎದ್ದ.

ಮಾರ್ಚ್ 30, ಭಾನುವಾರ. ಪಾಡ್ವಾ, ನಮ್ಮ ಯುಗಾದಿ

ಹೋಳಿಗೆ ಅಗಿದೆ! ನೋವು ಅರ್ಧಕ್ಕರ್ಧ ಇಳಿದಿದೆ. ಬಾಯಿ ಮೂರು ಬೆರಳು ತೆರೆಯುತ್ತದೆ. ಯಾರಿಗಾದರೂ ತೋರಿಸೋಣ ಅಂದರೆ ಮನೆಯಲ್ಲಿ ಯಾರೂ ಮಾತಾಡುತ್ತಿಲ್ಲ. ಋಷಿ ತಾನೇ ಅತ್ತೆಗೆ ಹೇಳಿದ್ದಾನೆ. ಏನೆಂದು ಹೇಳಿದನೋ ಕೇಳಲಿಲ್ಲ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ತುಪ್ಪ ಬಡಿಸುವುದು ಬಿಟ್ಟಿಲ್ಲ. ಋಷಿ ಒಳ್ಳೆಯವನಾಗಿಯೇ ಇದ್ದಾನೆ, ದೂರದ ನೆಂಟರ ಮನೆಗೆ ಬಂದವನ ಹಾಗೆ.

ತಪ್ಪು ಮಾಡಿದೆನಾ? ಇಲ್ಲ ಅಂತಲೇ ಅನ್ನಿಸುತ್ತದೆ. ಆದರೂ ಭಯ. ಇವನು ನನ್ನಿಂದ ಹೀಗೇ ದೂರವಾಗಿಬಿಟ್ಟರೆ...

ಏಪ್ರಿಲ್ 8, ಮಂಗಳವಾರ

ಮಧ್ಯಾಹ್ನ ಇಬ್ಬರೂ ಮನೆಯಿಂದಲೇ ಕೆಲಸ. ಆ ಐವಿಎಫ್ ಆಸ್ಪತ್ರೆಯಿಂದ ಫೋನ್ ಬಂತು — ತಾರೀಕು ಯಾವುದು ಇಡೋಣ ಅಂತ. ಋಷಿ ನನ್ನ ಮುಖ ನೋಡಿದ. "ನಾಹೀ ಮ್ಯಾಡಮ್," ಅಂದ. "ಆಮ್ಹೀ ಥಾಂಬಲೋ." ನಾವು ನಿಲ್ಲಿಸಿದೆವು.

ಫ್ರೀಜರ್‌ನಲ್ಲಿರುವ ಆ ಎರಡನ್ನು ಏನು ಮಾಡುವುದು ಅಂತ ಆಕೆ ಕೇಳಿದಳು. ಸ್ಪೀಕರ್ ಇಲ್ಲದಿದ್ದರೂ ನನಗೆ ಕೇಳಿಸಿತು. ಆಮೇಲೆ ಹೇಳ್ತೀವಿ ಅಂದ. ಫೋನ್ ಕಟ್ಟಾದ ಮೇಲೂ ಕಿವಿಗೆ ಹಿಡಿದುಕೊಂಡೇ ಇದ್ದ. ಭುಜ ಅಲುಗತೊಡಗಿತು. ಅವನು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು ಹಲ್ಲು ಕಚ್ಚಿದೆ. ಹಿಂದಿನ ಎರಡು ಸಲವೂ ಆಸ್ಪತ್ರೆಯ ಫೋನ್ ಬಂದಾಗ ಹಾಗೇ ತಡೆದುಕೊಂಡಿದ್ದೆ, ಒಂದು ಹನಿ ಬಿಡದೆ. ಈ ಸಲ ಹಿಡಿತವೇ ಸಿಗಲಿಲ್ಲ. ಮತ್ತೆ ಕಚ್ಚಿದೆ, ದವಡೆ ನಿಲ್ಲಲಿಲ್ಲ. ಬಾಯಿ ತಾನೇ ತೆರೆದುಕೊಂಡಿತು. ಎಂಥ ದನಿ ಹೊರಟಿತೋ, ಅತ್ತೆ ಅಡುಗೆಮನೆಯಿಂದ ಓಡಿ ಬಂದರು. ಒಂದು ಕೈ ಅವನ ತಲೆಯ ಮೇಲೆ, ಒಂದು ನನ್ನ ಬೆನ್ನ ಮೇಲೆ. "ಅಳವಾ. ಅತ್ತುಬಿಡು," ಅಂದರು. ಋಷಿ ಎದ್ದು ಬಂದು ನನ್ನನ್ನು ಹಿಡಿದುಕೊಂಡ.

ಬೇಡ ಅಂದವಳು ನಾನೇ. ಈಗಲೂ ಬೇಡ. ಯಾರಿಗೂ ಹೇಳಿಲ್ಲ, ಋಷಿಗೂ ಇಲ್ಲ — ಆ ಎರಡಕ್ಕೂ ನಾನು ಹೆಸರು ಇಟ್ಟಿದ್ದೆ.