ಕೆಂಪು ದಾರದ ಪೊಟ್ಟಣ

ಗಂಡಸಿ
೧೮-೧೧-೨೦೨೪, ಕಾರ್ತೀಕ ಸೋಮವಾರ

ನನ್ನ ನಂದಿತಾ ಮಗಳಿಗೆ,

ನಿನ್ನ ದೊಡ್ಡಮ್ಮ ಗುರುಸಿದ್ದಮ್ಮನ ಆಶೀರ್ವಾದ. ಬೆಳಗಿನ ಜಾವ ಕೆಟ್ಟ ಕನಸು ಬಿತ್ತು ಕಣೇ. ಪೂಜೆಗೆ ಕೂತಿದ್ದೇನೆ, ಅಂಗೈಯಲ್ಲಿ ಲಿಂಗವಿದೆ, ಬೆರಳುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿವೆ. ಲಿಂಗ ಜಾರುತ್ತಿದೆ. ಪಕ್ಕದಲ್ಲೇ ಕೂತಿದ್ದವರು ಕೈ ಒಡ್ಡಲಿಲ್ಲ. ಎದ್ದು ಕೊರಳಿನ ಕರಡಿಗೆ ಮುಟ್ಟಿ ನೋಡಿಕೊಂಡ ಮೇಲೆಯೇ ಉಸಿರು ಬಂದದ್ದು.

ಬರೆಯುವುದು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಒತ್ತು ದೀರ್ಘ ತಪ್ಪಿದ್ದರೆ ನೀನೇ ತಿದ್ದಿಕೊ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದೊಡ್ಡಪ್ಪನಿಗೆ ಸ್ಪೀಕರ್ ಹಾಕದೆ ಕೇಳಿಸುವುದಿಲ್ಲ. ಕೊಬ್ಬರಿ ಅಂಗಡಿಗೆ ಬಂದವರೆಲ್ಲ ನನ್ನ ರಕ್ತದ ವಿಚಾರ ಕೇಳಿಕೊಂಡು ಹೋಗುತ್ತಾರೆ.

ನಿಮ್ಮ ಲ್ಯಾಬಿಗೆ ರಕ್ತ ಕೊಟ್ಟ ದಿನ ನೀನು ಹೇಳಿದ್ದು ಮರೆತಿಲ್ಲ. "ಬಿಳಿ ರಕ್ತಕಣಗಳು ಮೈಯ ಕಾವಲುಗಾರರು ದೊಡ್ಡಮ್ಮ. ನಿಮ್ಮ ಕಾಯಿಲೇಲಿ ಅವು ಮನೆಯವರನ್ನೇ ಕಳ್ಳರು ಅಂದ್ಕೊಂಡು ಕೀಲುಗಳಿಗೆ ನುಗ್ತವೆ. ಒಂದು ಕಣ ಇನ್ನೊಂದನ್ನ ಹೇಗೆ ಕೂಗಿ ಕರೆಯುತ್ತೆ ಅಂತ ನೋಡೋದೇ ನನ್ನ ಕೆಲಸ" ಎಂದಿದ್ದೆ. ಅವತ್ತಿನಿಂದ ಕೈ ನೋಡಿಕೊಂಡಾಗಲೆಲ್ಲ, ಇದರೊಳಗೆ ಈಗ ಯಾರು ಯಾರನ್ನು ಕರೆಯುತ್ತಿದ್ದಾರೋ ಎಂದು ದಿಗಿಲು.

ಆಮೇಲೆ ನೀನು ಫೋನು ಮಾಡಿ ಅತ್ತುಬಿಟ್ಟೆ. ನನ್ನ ಕಣಗಳು ಮಂಪರು ಹತ್ತಿದಂತೆ ಬಿದ್ದಿವೆ, ಸ್ಟೀರಾಯ್ಡ್ ಒಳಗೆ ಹೋದರೆ ಮಾತ್ರ ಏಳುವ ಗುರುತುಗಳು ಎದ್ದಿವೆ ಎಂದೆ. "ರಕ್ತ ಕೊಡುವಾಗ ಏನೂ ಔಷಧಿ ತಗೊಳ್ತಿಲ್ಲ ಅಂದ್ರಲ್ಲ, ನನ್ನ ಹತ್ರಾನೂ ಮುಚ್ಚಿಟ್ರಾ?" ಎಂದೆ. ಮುಚ್ಚಿಡಲಿಲ್ಲ ಮಗಳೇ. ನಿಮ್ಮಮ್ಮ ಹಳೇಬೀಡಿನಿಂದ ತಂದುಕೊಡುವ ಷಡಕ್ಷರಪ್ಪ ಪಂಡಿತರ ಪುಡಿಯನ್ನು ನಾನು ಔಷಧಿ ಎಂದು ಎಣಿಸಿಯೇ ಇರಲಿಲ್ಲ. ವಿಭೂತಿಯ ಜೊತೆ ಬರುತ್ತದೆ, ಪೂಜೆ ಮುಗಿಸಿ ಜೇನಿನಲ್ಲಿ ನೆಕ್ಕುತ್ತೇನೆ. ಪ್ರಸಾದವನ್ನು ಯಾರಾದರೂ ಔಷಧಿ ಎನ್ನುತ್ತಾರೆಯೇ? ಊದಿದ ಕೈಯಲ್ಲಿ ಲಿಂಗ ನಿಲ್ಲದೆ ವರ್ಷಗಟ್ಟಲೆ ತಟ್ಟೆಯ ಮೇಲಿಟ್ಟು ಪೂಜೆ ಮಾಡಿದವಳು ನಾನು. ಪುಡಿ ತಿಂದ ಮೇಲೆ ಮತ್ತೆ ಅಂಗೈಯಲ್ಲಿ ನಿಂತಿತು. ಅವತ್ತು ನಿಮ್ಮಮ್ಮ ನನ್ನನ್ನು ತಬ್ಬಿಕೊಂಡು ಅತ್ತಳು.

ನಿನ್ನ ಫೋನಾದ ಮೇಲೆ ಪಂಡಿತರಿಗೆ ಶಾಪ ಹಾಕುತ್ತಲೇ ಹಳೇಬೀಡಿನ ಬಸ್ಸು ಹತ್ತಿದೆ. ಅವರು ನಕ್ಕುಬಿಟ್ಟರು. "ಶುಂಠಿ, ಅಮೃತಬಳ್ಳಿ ಬಿಟ್ರೆ ಅದ್ರಲ್ಲಿ ಏನೈತಮ್ಮ? ನನ್ ಪುಡಿ ನೀನು ಹೇಳ್ದಂಗೆ ಕೆಲ್ಸ ಮಾಡಿದ್ರೆ ನಾನ್ಯಾಕೆ ಈ ಮಂಡಿ ಇಟ್ಕೊಂಡು ಕುಂಟ್ತಿದ್ದೆ?" ಎಂದರು. ಅವರ ಕೈಯಿಂದಲೇ ಒಂದು ಪೊಟ್ಟಣ ಕೊಂಡು ತಂದೆ.

ಹಾಸನದ ಡಾಕ್ಟರಿಗೂ ತೋರಿಸಿದೆ. ನೀನು ಹೇಳಿದಂತೆಯೇ ಅವರೂ ಹೇಳಿದರು: ಸ್ಟೀರಾಯ್ಡ್ ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಲೆಕ್ಕವಿಟ್ಟು ಇಳಿಸಬೇಕು. ಮೂಳೆ ಸವೆದಿದೆಯಂತೆ, ಸಕ್ಕರೆಯೂ ಏರಿದೆಯಂತೆ. ಪಕ್ಕದ ಮನೆಯ ಮಾದಮ್ಮ, "ಮುಖ ತುಂಬ್ಕೊಂಡು ಲಕ್ಷಣವಾಗಿದ್ದೀಯ ಕಣಕ್ಕ" ಎನ್ನುತ್ತಿದ್ದಳು. ಕನ್ನಡಿಯಲ್ಲಿ ನೋಡಿದರೆ ನಮ್ಮವ್ವ. ಕೊನೆಗಾಲದಲ್ಲಿ ಆ ಸ್ಟೀರಾಯ್ಡ್ ಮಾತ್ರೆ ತಿಂದು ತಿಂದು ಅವ್ವನ ಮುಖ ಹೀಗೇ ಊದಿತ್ತು, ಎದ್ದು ಕೂರುವಾಗಲೇ ಬೆನ್ನುಮೂಳೆ ಮುರಿಯಿತು. ಸತ್ತರೂ ಇದನ್ನು ಮುಟ್ಟುವುದಿಲ್ಲ ಎಂದು ಅವ್ವನ ತಲೆದೆಸೆಯಲ್ಲಿ ಆಣೆ ಮಾಡಿದ್ದೆ. ಪಕ್ಕದಲ್ಲಿ ನನ್ನ ತಂಗಿ, ನಿಮ್ಮಮ್ಮ ಇದ್ದಳು.

ಮೊನ್ನೆ ಅವಳು ಬಂದಿದ್ದಳು. ನಾನು ಪಂಡಿತರ ಮಾತು ಎತ್ತಿದೆ. "ಅವರನ್ನ ಯಾಕೆ ಬಯ್ತೀಯಕ್ಕ? ನಿನ್ ನೋವು ನಿಂತಿತಲ್ಲ, ಯಾವುದ್ರಿಂದ ನಿಂತ್ರೇನು?" ಎಂದು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು. ಕಾಫಿ ಕುಡಿಯದೆ ಹೊರಟಳು.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಆ ಕಣಗಳನ್ನು ನೋಡಿ ನೋಡಿ ಕಣ್ಣು ಹಾಳು ಮಾಡಿಕೊಳ್ಳಬೇಡ. ನಿನ್ನ ವಿದ್ಯೆ ಬೆಳಗಲಿ.

ಇಂತಿ ನಿನ್ನ
ದೊಡ್ಡಮ್ಮ

ಮರೆತಿದ್ದು: ಪರೀಕ್ಷೆಗೆಂದು ನಿನಗೆ ಎರಡು ಪೊಟ್ಟಣ ಕಳಿಸಿ, ಎರಡೂ ಪಂಡಿತರದೇ ಎಂದಿದ್ದೆ. ಕೆಂಪು ದಾರದ್ದರಲ್ಲಿ ಸ್ಟೀರಾಯ್ಡ್ ಇದೆ, ಬಿಳಿ ದಾರದ್ದರಲ್ಲಿ ಇಲ್ಲ, ಒಬ್ಬರದೇ ಪುಡಿ ಹೀಗೇಕೆ ಎಂದು ನೀನು ಕೇಳಿದೆಯಲ್ಲ, ಅದಕ್ಕೆ ಉತ್ತರ ಬರೆಯಲೆಂದೇ ಕೂತವಳು ಇಷ್ಟು ದೂರ ಬಂದೆ. ಬಿಳಿಯದು ನಾನು ಪಂಡಿತರ ಕೈಯಿಂದ ತಂದದ್ದು. ಕೆಂಪಿನದು ನಿಮ್ಮಮ್ಮ ಕೊಟ್ಟದ್ದು. ಗುರುತಿಗೆಂದು ದಾರ ಕಟ್ಟಿದವಳು ನಾನೇ. ಅವಸರದಲ್ಲಿ ಕಟ್ಟಿದ್ದು, ಅದಲುಬದಲು ಆಗಿರಲೂಬಹುದು. ಪಂಡಿತರ ಕೈಯಿಂದ ತಂದದ್ದರ ಕಾಗದದ ಒಳಮಡಿಕೆಯಲ್ಲಿ ಅವರ ಅಂಗಡಿಯ ಮೊಹರು ಇದೆ, ನಿಮ್ಮಮ್ಮ ಕೊಟ್ಟದ್ದರಲ್ಲಿ ಇರಲಿಲ್ಲ. ಅವಳನ್ನು ಏನೂ ಕೇಳಬೇಡ. ಎರಡೂ ಕಾಗದ ಬಿಡಿಸಿ, ಮೊಹರು ಯಾವುದರ ಮೇಲಿದೆ ಎಂದು ಇನ್ನೊಂದು ಸಲ ನೋಡು ಮಗಳೇ.