ತಣ್ಣೀರು ಬಿಡುವ ಮೊದಲೇ

ಜನವರಿ 9, ಸೋಮವಾರ

ಲ್ಯಾಬಿನ ಚಳಿಗೆ ಮತ್ತೆ ಎರಡು ಸ್ವೆಟರ್. ತಣ್ಣೀರಿನ ಅಂಗಿಯ ಪೈಪು ಸೋರುತ್ತಿತ್ತು, ಟೇಪು ಸುತ್ತಿದೆ. ಪರೀಕ್ಷೆಗೆ ಬರಬೇಕಿದ್ದವರು ಕೈಕೊಟ್ಟರು. ಡಾಕ್ಟರು ಗಡಿಯಾರ ನೋಡುತ್ತ ಓಡಾಡಿದರು. ನಾನೇ ಬಾಯಿ ಹಾಕಿ ಕೆಟ್ಟೆ — "ನಮ್ಮ ವಾರಗಿತ್ತಿ ಇದಾಳೆ ಸರ್, ಕರೀಲಾ?"

ಮೈದುನನ ಹೆಂಡತಿ ಕುಣಿಯುತ್ತ ಬಂದಳು.

ನಮ್ಮ ಲ್ಯಾಬಿನ ಕ್ರಮ ಹೀಗೆ: ಮೊದಲು ರಕ್ತ ಪರೀಕ್ಷೆ. ಆಮೇಲೆ ಅರ್ಧ ಗಂಟೆ ಬೆಚ್ಚಗೆ ಮಲಗಿಸಿ, ತಲೆಗೆ ಪಾರದರ್ಶಕ ಗುಮ್ಮಟ ಹಾಕಿ ಉಸಿರು ಅಳೆಯುವುದು. ಕೊನೆಗೆ ಅಂಗಿಯೊಳಗೆ ತಣ್ಣೀರು ಬಿಟ್ಟು ಮತ್ತೆ ಅಳೆಯುವುದು. ಮೈ ಎಷ್ಟು ಆಮ್ಲಜನಕ ಎಳೆದುಕೊಂಡಿತೋ ಅಷ್ಟು ಉರಿದಿದೆ ಎಂದು ಲೆಕ್ಕ. ಮನೆಯವಳೇ ತಾನೆ, ಗುಂಡುಕಲ್ಲಿನಂತಿದ್ದಾಳೆ ಎಂದು ಮೊದಲೆರಡನ್ನೂ ಹಾರಿಸಿದೆ, ಡಾಕ್ಟರಿಗೆ ಹೇಳದೆ. ನೇರ ತಣ್ಣೀರು.

ಎಂಥವರೂ ಹಲ್ಲು ಕಟಕಟಿಸುವ ನೀರು. ಇವಳು ಗುಮ್ಮಟದೊಳಗಿಂದ, "ಅಕ್ಕಾ, ಇನ್ನೂ ಸ್ವಲ್ಪ ತಣ್ಣಗೆ ಮಾಡು, ಹಿತವಾಗಿದೆ!"

ಅಂಕಿ ನೋಡಿ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಇಷ್ಟು ವರ್ಷ ದುಡಿದೆ, ನನಗಾಗಿ ಒಮ್ಮೆಯೂ ಎದ್ದವರಲ್ಲ.

ಜನವರಿ 12, ಗುರುವಾರ

ಲ್ಯಾಬಿನಲ್ಲಿ ಅವಳಿಗೆ 'ಕುಲುಮೆ' ಎಂದು ಹೆಸರಿಟ್ಟಿದ್ದಾರೆ. ಚಳಿಯಲ್ಲಿ ಬಿಸಿ ಹುಟ್ಟಿಸುವ ಕಂದು ಕೊಬ್ಬು ತುಂಬಿದ ಮೈಯಂತೆ.

ಊಟದ ಹೊತ್ತಿಗೆ ಅತ್ತೆ ಕೇಳಿದರು, "ಅದೇನೇ ಅದು, ಇವಳ ಮೈಯೊಳಗಿರೋ ಒಲೆ?"

ವಿವರಿಸುವ ಭಾಗ್ಯ ನನ್ನದು! ಹೇಳಿದೆ. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಪುಟ್ಟ ಚೀಲಗಳು. ತಿಂದದ್ದನ್ನು ಆಮ್ಲಜನಕದೊಂದಿಗೆ ಸುಡುವುದೇ ಅವುಗಳ ಕಸುಬು. ಹಾಗೆ ಸಿಕ್ಕ ಬಲದಿಂದ ಪ್ರೋಟಾನ್ ಎಂಬ ಕಣಗಳನ್ನು ಒಂದು ಪೊರೆಯಾಚೆಗೆ ತಳ್ಳುತ್ತವೆ, ಮೋಟಾರು ನೀರನ್ನು ಮೇಲಿನ ತೊಟ್ಟಿಗೆ ಏರಿಸಿದ ಹಾಗೆ. ನೀರು ಇಳಿದು ಬರುವ ದಾರಿಯಲ್ಲೊಂದು ಚಕ್ರ. ಅದು ತಿರುಗಿದರೆ ಎಟಿಪಿ ತಯಾರು. ನಡೆಯಲು, ನಗಲು, ಜಗಳಾಡಲು, ಎಲ್ಲಕ್ಕೂ ಅದೇ ಬಂಡವಾಳ. ಕಂದು ಕೊಬ್ಬಿನಲ್ಲಿ ಮಾತ್ರ ಚಕ್ರದ ಪಕ್ಕ ಒಂದು ಕಳ್ಳಬಾಗಿಲು. ಚಳಿಯಾದರೆ ತೆರೆದುಕೊಳ್ಳುತ್ತದೆ. ನೀರು ಚಕ್ರ ತಿರುಗಿಸದೆ ಇಳಿದುಹೋಗುತ್ತದೆ, ಬಲವೆಲ್ಲ ಬಿಸಿಯಾಗುತ್ತದೆ.

"ಅಂದ್ರೆ ಸೋರೋ ತೊಟ್ಟಿ ಅನ್ನು" ಅಂದರು ಅತ್ತೆ.

"ಸೋರಿದ್ರೇನಮ್ಮ, ಹೇಗೆ ಬಳ್ಳಿ ಥರ ಇದಾಳೆ ನೋಡು. ನಮ್ಮವಳ ತೊಟ್ಟಿ ಒಂದು ಹನೀನೂ ಸೋರಲ್ಲ" — ಇದು ನನ್ನ ಯಜಮಾನರು, ನನ್ನ ಸೊಂಟದ ಕಡೆ ನೋಡುತ್ತ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಮೂರನೇ ಸಲ ಬಡಿಸಿಕೊಂಡಳು.

ಜನವರಿ 13

ಇಬ್ಬರೂ ಒಂದೇ ಮನೆ ಸೇರಿದ ಸೊಸೆಯರು. ನಾನು ಗಾಳಿ ಕುಡಿದರೂ ಮೈಗಂಟುತ್ತದೆ, ಅವಳು ಕಲ್ಲು ತಿಂದರೂ ಕರಗುತ್ತದೆ. ಅಡುಗೆಯಲ್ಲಿ ಅವಳು ಮೇಲು, ಮಾತಿನಲ್ಲಿ ಅವಳು ಮೇಲು. ನನ್ನದೆಂದು ಇದ್ದದ್ದು ಆ ಲ್ಯಾಬು ಒಂದೇ. ಅದರ ಬಾಗಿಲನ್ನೂ ಕೈಯಾರೆ ತೆಗೆದು ಒಳಗೆ ಬಿಟ್ಟುಕೊಂಡೆ. ನನ್ನಂಥ ಪೆದ್ದಿ…

ಜನವರಿ 21, ಶನಿವಾರ

ಹೊರಗಿನ ವಿಜ್ಞಾನಿಗಳು ಬಂದಿದ್ದರು, ಕುಲುಮೆಯನ್ನು ನೋಡಲು. ಅವಳಿಗೆ ಮೆತ್ತನೆ ಕುರ್ಚಿ, ಚಹಾ. ಕಪ್ಪು ತೊಳೆದದ್ದು ನಾನು. ಅವಳನ್ನೇ ಮುಂದಿಟ್ಟುಕೊಂಡು ಲೇಖನ ಬರೆಯುತ್ತಾರಂತೆ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳದೇ ಮಾತು. "ನಿಮ್ಮ ಡಾಕ್ಟರು ಎಷ್ಟು ಒಳ್ಳೇವರು ಅಕ್ಕಾ! ನೀನು ಸುಮ್ಸುಮ್ನೆ ಬೈತಿರ್ತೀಯ."

ಜನವರಿ 24, ಮಂಗಳವಾರ

ಎರಡನೇ ಪರೀಕ್ಷೆ. ಡಾಕ್ಟರು ಊರಲ್ಲಿಲ್ಲ. ಈ ಸಲ ಅರ್ಧ ಗಂಟೆ ಬೆಚ್ಚಗೆ ಮಲಗಿಸಿದೆ.

ತಣ್ಣೀರು ಬಿಡುವ ಮೊದಲೇ ಅಂಕಿ ಮುಗಿಲು ಮುಟ್ಟಿತ್ತು.

ಯಂತ್ರ ಕೆಟ್ಟಿರಬೇಕೆಂದುಕೊಂಡೆ. ಅಳತೆ ಗೊತ್ತಿರುವ ಸಿಲಿಂಡರಿನ ಗಾಳಿ ಕೊಟ್ಟು ಮತ್ತೆ ಸರಿಹೊಂದಿಸಿದೆ. ಯಂತ್ರ ಚೊಕ್ಕವಾಗಿತ್ತು. ತಣ್ಣೀರು ಬಿಟ್ಟೆ, ಅಂಕಿ ಅಲುಗಲೇ ಇಲ್ಲ ಎನ್ನಬೇಕು. ಹಾಗಾದರೆ ಇದು ಚಳಿಗೆ ತೆರೆಯುವ ಕಳ್ಳಬಾಗಿಲಲ್ಲ. ಬೆಚ್ಚಗೆ ಮಲಗಿದಾಗಲೂ ಇಡೀ ಮನೆ ಹೊತ್ತಿ ಉರಿಯುತ್ತಿದೆ. ನಾಡಿ ಹಿಡಿದೆ. ಮಲಗಿದ್ದವಳ ನಾಡಿ ಓಡಿಬಂದವಳಂತೆ. ಕೊರಳ ಬುಡ ಸ್ವಲ್ಪ ಊದಿದೆ. ಥೈರಾಯ್ಡ್ ಇರಬಹುದೇ? ಮೊದಲ ದಿನ ಕ್ರಮ ತಪ್ಪಿಸದಿದ್ದರೆ ಅವತ್ತೇ ತಿಳಿಯುತ್ತಿತ್ತು. ಅವಳನ್ನು ರಾಣಿ ಮಾಡಿದ್ದು ನನ್ನ ಸೋಮಾರಿತನ.

ಸಂಜೆ ಎಲ್ಲರೆದುರೇ ಅಂದೆ, "ನಿನ್ನ ಎದೆಬಡಿತ ಯಾಕೋ ಸರಿಯಿಲ್ಲ ಕಣೇ. ಒಂದು ರಕ್ತ ಪರೀಕ್ಷೆ ಮಾಡಿಸೋಣ."

ಅವಳ ಮುಖ ಕೆಂಪಾಯಿತು. "ನಾಲ್ಕು ಜನ ನನ್ನ ಹೊಗಳಿದ್ದು ತಡ್ಕೊಳ್ಳೋಕಾಗ್ಲಿಲ್ವಾ ಅಕ್ಕಾ? ರೋಗಾನೂ ಅಂಟಿಸ್ಬೇಕಾ?"

"ಕಣ್ಣು ಹಾಕ್ಬೇಡ ಬಿಡೇ" ಅಂದರು ಅತ್ತೆ.

ತಡೆದುಕೊಳ್ಳಲಾಗದ್ದು ನಿಜವೇ. ಹಾಗಾದರೆ ನಾನು ಕಂಡದ್ದೇನು? ನಾಡಿಯೋ, ನನ್ನ ಹೊಟ್ಟೆಕಿಚ್ಚೋ? ಬೇಡ. ಅವಳುಂಟು, ಅವಳ ಒಲೆಯುಂಟು. ನನಗೇಕೆ ಊರ ಉಸಾಬರಿ.

ಫೆಬ್ರವರಿ 2, ಗುರುವಾರ

ಬರೆಯಲು ಕೂತರೆ ಅವಳೇ ಬರುತ್ತಾಳೆಂದು ಬರೆದಿರಲಿಲ್ಲ.

ಇವತ್ತು ಬಟ್ಟೆ ಬಕೆಟ್ಟು ಹಿಡಿದು ಮೇಲೆ ಹೊರಟವಳು ಅರ್ಧ ಮೆಟ್ಟಿಲಿಗೇ ಕೂತುಬಿಟ್ಟಳು. ನಗುತ್ತಲೇ ಏದುಸಿರು. ಮೈ ಇಳಿದು ಸಡಿಲವಾದ ರವಿಕೆ ಪಿನ್ನಿನ ಮೇಲೆ ನಿಂತಿದೆ. ನನ್ನನ್ನು ಕಂಡು ತಟ್ಟನೆ ಎದ್ದು, "ಸುಮ್ನೆ ಕೂತಿದ್ದೆ" ಅಂದಳು. ನಾನು ಕೇಳಿರಲೇ ಇಲ್ಲ.

ಹೊಟ್ಟೆಕಿಚ್ಚಿನವಳು ಸುಳ್ಳೇ ಹೇಳಬೇಕೆಂದು ಎಲ್ಲಿ ಬರೆದಿದೆ?

ಡಾಕ್ಟರಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ, ಕ್ರಮ ತಪ್ಪಿಸಿದ್ದೂ. ಅವರು ಅಂದದ್ದಿಷ್ಟೇ, "ಮೊದಲು ರಕ್ತ ತಗೊಳ್ಳಿ. ಬೈಯೋದು ಆಮೇಲೆ ಇದ್ದೇ ಇದೆ."

ಆದರೆ ಅವಳು ಕೈ ಕೊಡಬೇಕಲ್ಲ! ಹೊಗಳಿಕೆಯ ಹಗ್ಗದಲ್ಲಿ ಹುಲಿಯನ್ನೂ ಕಟ್ಟಬಹುದು ಎನ್ನುತ್ತಿದ್ದಳು ನಮ್ಮಜ್ಜಿ. ಹಗ್ಗ ಹೊಸೆಯಬೇಕಾದವಳು ನಾನೇ ಎಂಬುದೊಂದೇ ಕಷ್ಟ.

ಫೆಬ್ರವರಿ 3, ಶುಕ್ರವಾರ

ಹೊಸೆದೆ. "ಅವತ್ತು ನಾನು ಹಾಗನ್ನಬಾರದಿತ್ತು. ನಿನ್ನಂಥೋರು ಲಕ್ಷಕ್ಕೊಬ್ಬರು ಕಣೇ. ನಿನ್ನ ರಕ್ತದಲ್ಲೇ ಏನೋ ಇದೆಯಾ ನೋಡ್ಬೇಕಂತೆ ಡಾಕ್ಟರಿಗೆ."

ಒಂದೊಂದು ಮಾತಿಗೂ ನಾಲಿಗೆ ಸುಟ್ಟಿತು. ನಾನು ಮುಗಿಸುವ ಮೊದಲೇ ತೋಳು ಚಾಚಿದಳು. "ಎರಡು ಸೀಸೆ ಬೇಕಾದ್ರೂ ತಗೋ ಅಕ್ಕಾ!"

ಫೆಬ್ರವರಿ 6, ಸೋಮವಾರ

ವರದಿ ಬಂತು. ಥೈರಾಯ್ಡ್ ಹಾರ್ಮೋನು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು.

ಮೊದಲು ಬಂದದ್ದು ಖುಷಿ. ನನ್ನ ಕಣ್ಣು ಸುಳ್ಳಾಡಿರಲಿಲ್ಲ, ಅವಳು ಕುಲುಮೆಯೂ ಅಲ್ಲ, ರಾಣಿಯೂ ಅಲ್ಲ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಇತ್ತು ಆ ಖುಷಿ. ಆಮೇಲೆ ವರದಿಯನ್ನು ಮತ್ತೊಮ್ಮೆ ಓದಿದೆ. ಆ ಹಾರ್ಮೋನು ಮೈಯ ಮೂಲೆಮೂಲೆಗೂ ಹೋಗಿ ಒಂದೇ ಅಪ್ಪಣೆ ಕೊಡುತ್ತದೆ: ಮೈಟೊಕಾಂಡ್ರಿಯ ಹೆಚ್ಚಿಸಿ, ಇನ್ನೂ ಸುಡಿ, ಸೋರಿದರೂ ಸುಡಿ. ಸಾಕು ಎನ್ನುವವರಿಲ್ಲ. ಕೊಬ್ಬು ತೀರಿದ ಮೇಲೆ ಮಾಂಸಖಂಡ. ಇಷ್ಟಕ್ಕೆಲ್ಲ ರಕ್ತ ದೂಡಿ ದೂಡಿ ಸೋಲುವುದು ಹೃದಯ.

"ಮಾತ್ರೇಲಿ ಹತೋಟಿಗೆ ಬರುತ್ತೆ" ಅಂದರು ಡಾಕ್ಟರು. "ಆದ್ರೆ ಇವತ್ತೇ ಆಸ್ಪತ್ರೆಗೆ ಕರ್ಕೊಂಡ್ಹೋಗಿ. ನಾಳೆ ಅನ್ಬೇಡಿ."

ಅದೇ ದಿನ, ಸಂಜೆ 5

ಗಾಡಿ ನಿಲ್ಲಿಸಿ ಒಳಗೆ ಬಂದೆ. ಎಲ್ಲರೂ ಕಾಯುತ್ತ ಕೂತಿದ್ದರು.

"ಏನ್ ಬಂತು ಅಕ್ಕಾ? ಜಾಸ್ತಿನಾ?"

"ಜಾಸ್ತಿನೇ."

ಚಪ್ಪಾಳೆ ತಟ್ಟಿದಳು. ಅತ್ತೆ ಅವಳ ಗಲ್ಲ ಸವರಿ, "ನಮ್ಮನೆ ಹುಡುಗಿ!" ಅಂದರು. ಆಗಲೂ ಆ ಹೊಗಳಿಕೆ ಸಹಿಸಲಾಗಲಿಲ್ಲ, ಕೈಯಲ್ಲಿ ಆ ವರದಿ ಹಿಡಿದಿದ್ದರೂ. ಎಂಥ ಜನ್ಮ ನನ್ನದು.

"ಹೊರಡು, ಗಾಡಿ ನಿಂತಿದೆ" ಅಂದೆ. ಅಷ್ಟೇ ಬಂತು ಬಾಯಿಗೆ.

"ಫೋಟೋ ತೆಗೀತಾರಾ? ಇರು, ತಲೆ ಬಾಚ್ಕೊಂಡ್ಬರ್ತೀನಿ!"

ಓಡಿದಳು. ಕನ್ನಡಿಯ ಮುಂದೆ ಏನೋ ಗುನುಗುತ್ತಿದ್ದಾಳೆ. ಹೇಗೆ ಹೇಳಲಿ? ಯಾವ ಮಾತಿನಲ್ಲಿ ಹೇಳಿದರೆ ನನ್ನ ಹೊಟ್ಟೆಕಿಚ್ಚೆಂದು ಅನ್ನಿಸದೆ, ನಿಜವೆಂದು ಅನ್ನಿಸುತ್ತದೆ? ಅದು ಹೊಳೆಯಲೆಂದೇ ಇಲ್ಲಿ ಕೂತು ಗೀಚುತ್ತಿದ್ದೇನೆ. ಮೊದಲು ಮಾತ್ರೆಯ ವಿಷಯ ಎತ್ತಲೇ? ಇಲ್ಲ, ಮೊದಲು…

ಕರೆಯುತ್ತಿದ್ದಾಳೆ. "ಅಕ್ಕಾ, ಸ್ವಲ್ಪ ಬಾ ಇಲ್ಲಿ. ಜಡೆ ನೀನೇ ಹಾಕು. ನನ್ನ ಕೈ ಯಾಕೋ ನಿಲ್ತಾನೇ ಇಲ್ಲ —"